ನೂಲಿನಂತೆಯೇ ಸೀರೆ ಆಗಬೇಕೆಂದಿಲ್ಲ

(ಬಡತನ ಮತ್ತು ಹೆತ್ತವರ ಅಲಕ್ಷ್ಯದ ನಡುವೆ ಬೆಳೆಯುವ ಮಕ್ಕಳ ಕುರಿತು ದೊಡ್ಡಬಳ್ಳಾಪುರದಲ್ಲಿ ಶಿಕ್ಷಕರು ಹಾಗೂ ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಈ ಗಾದೆಯ ಮೊದಲರ್ಧ ಎಷ್ಟರಮಟ್ಟಿಗೆ ನಿಜ ಎಂದು ಹೇಳುವ ಅಧಿಕಾರ ಯಾರಿಗಾದರೂ ಇದ್ದರೆ ಅದು ಈ ಊರಿನ ನೇಕಾರರಿಗೆ. ಅದೇ ನೂಲು, ಅದೇ ಹಾಸು. ಆದರೆ ಜಕಾರ್ಡಿನ ಕಾರ್ಡು ಬದಲಾಯಿಸಿದರೆ ಅಂಚು ಬೇರೆ, ಸೆರಗು ಬೇರೆ, ಹೂವು ಬೇರೆ. ನೂಲು ಕಳಪೆಯಾಗಿದ್ದರೆ ಎಳೆ ಮತ್ತೆ ಮತ್ತೆ ತುಂಡಾಗುತ್ತದೆ. ನೇಕಾರ ಮಗ್ಗ ನಿಲ್ಲಿಸಿ ಗಂಟು ಹಾಕಿ ಮತ್ತೆ ನೇಯುತ್ತಾನೆ. ನೂಲಿನ ಗುಣ ಮುಖ್ಯವೇ ಸರಿ. ಆದರೆ ಸೀರೆಯ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ನಾವು ಈ ಅನುಭವವನ್ನು ಮರೆತು ಗಾದೆಯನ್ನೇ ನಂಬಿಬಿಡುತ್ತೇವೆ. ‘ಅವರಪ್ಪ ಕುಡುಕ, ಇವನೂ ಅಷ್ಟೇ’, ‘ಅವರ ಮನೇಲಿ ಯಾರು ಓದಿದ್ದಾರೆ ಇವಳು ಓದೋಕೆ’, ‘ಎಲ್ಲ ಹಣೆಬರಹ’ ಎನ್ನುವ ಮಾತುಗಳು ಶಾಲೆಯ ಜಗಲಿಯಲ್ಲಿಯೂ ಬಸ್ ನಿಲ್ದಾಣದಲ್ಲಿಯೂ ಸಲೀಸಾಗಿ ಕೇಳಿಬರುತ್ತವೆ. ಆ ಮಗುವೇ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುತ್ತದೆ ಎಂಬ ಪರಿವೆಯೂ ಇರುವುದಿಲ್ಲ. ಈ ಮಾತುಗಳು ಮಗುವಿನೊಳಗೆ ಏನು ಮಾಡುತ್ತವೆ, ಇವಕ್ಕೆ ಎದುರಾಗಿ ನಿಲ್ಲುವ ಆಶಾವಾದ ಎಂಬುದು ಎಲ್ಲಿಂದ ಬರುತ್ತದೆ, ಅದರಿಂದ ಎಷ್ಟು ಪ್ರಯೋಜನ, ಎಲ್ಲಿ ಅದು ಸೋಲುತ್ತದೆ ಎಂಬುದನ್ನು ಇಂದು ನಿಮ್ಮೊಂದಿಗೆ ಯೋಚಿಸಬೇಕೆಂದಿದ್ದೇನೆ.

ಅಲಕ್ಷ್ಯದ ಬಗೆಗಳು

ಮೊದಲಿಗೆ ಒಂದು ವ್ಯತ್ಯಾಸ ಮಾಡಿಕೊಳ್ಳೋಣ. ಬಡತನ ಬೇರೆ, ಅಲಕ್ಷ್ಯ ಬೇರೆ. ಗಂಜಿ ಕುಡಿದರೂ ಮಗುವನ್ನು ಮಡಿಲಲ್ಲಿಟ್ಟುಕೊಂಡು ಸಾಕಿದ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಇವೆ. ಎಲ್ಲ ಸವಲತ್ತು ಇದ್ದೂ ಮಗುವಿನ ಮುಖ ನೋಡಲು ಪುರಸೊತ್ತಿಲ್ಲದ ಮನೆಗಳೂ ಇವೆ. ಆದರೂ ಬಡತನ ಅಲಕ್ಷ್ಯಕ್ಕೆ ಬಾಗಿಲು ತೆರೆಯುತ್ತದೆ ಎಂಬುದನ್ನು ಮರೆಯಬಾರದು. ನಮ್ಮ ಜಿಲ್ಲೆಯನ್ನೇ ನೋಡಿ. ದೊಡ್ಡಬಳ್ಳಾಪುರದಲ್ಲಿ ಹಗಲೂ ರಾತ್ರಿ ಪಾಳಿಯಲ್ಲಿ ಮಗ್ಗ ಓಡಿಸುವ ತಂದೆ, ಮನೆಗೆಲಸದ ಜೊತೆಗೆ ಕಂಡಿಕೆ ಸುತ್ತುವ ತಾಯಿ. ಮಗ್ಗದ ಸದ್ದಿನಲ್ಲಿ ಮಗು ಆಡಿದ ಮಾತು ಅಕ್ಷರಶಃ ಕೇಳಿಸುವುದಿಲ್ಲ. ಹೊಸಕೋಟೆ ಕಡೆಯ ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರು ದೂರದ ಊರುಗಳಿಂದ ಬಂದವರು. ಕೆಲಸ ಮುಗಿದೊಡನೆ ಗಂಟು ಕಟ್ಟಿಕೊಂಡು ಹೊರಡಬೇಕು, ಮಗುವಿನ ಶಾಲೆ ಅರ್ಧಕ್ಕೇ ನಿಲ್ಲಬೇಕು. ನೆಲಮಂಗಲದ ಕಾರ್ಖಾನೆ, ಗೋದಾಮುಗಳಲ್ಲಿ ತಂದೆತಾಯಿ ಇಬ್ಬರೂ ಬೇರೆಬೇರೆ ಪಾಳಿ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ನೆಲದ ಬೆಲೆ ಮುಗಿಲು ಮುಟ್ಟಿತು. ಜಮೀನು ಮಾರಿದ ದುಡ್ಡು ಕೆಲವು ಮನೆಗಳಲ್ಲಿ ಮಕ್ಕಳ ವಿದ್ಯೆಯಾಯಿತು, ಕೆಲವು ಮನೆಗಳಲ್ಲಿ ಕರಗಿಹೋಯಿತು.

ಇವರೆಲ್ಲ ಕಲ್ಲುಹೃದಯದ ತಂದೆತಾಯಿಗಳಲ್ಲ. ಹನ್ನೆರಡು ಗಂಟೆ ದುಡಿದು ಬಂದ ದೇಹಕ್ಕೆ ಮಗುವಿನ ಮಾತಿಗೆ ಕಿವಿಗೊಡುವ ಕಸುವು ಉಳಿದಿರುವುದಿಲ್ಲ. ಕುಡಿತ, ಸಾಲ, ಗಂಡಹೆಂಡಿರ ಜಗಳ ಸೇರಿಕೊಂಡರೆ ಮಗು ಮನೆಯೊಳಗಿದ್ದೇ ಪರದೇಶಿಯಾಗುತ್ತದೆ. ಹೀಗೆ ಒಂಟಿಯಾದ ಮಕ್ಕಳೆಲ್ಲರೂ ಸೋತುಹೋಗುತ್ತಾರೆಯೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಒಂದು ದ್ವೀಪದ ಮಕ್ಕಳು

ಈ ಪ್ರಶ್ನೆಗೆ ಬಹಳ ತಾಳ್ಮೆಯಿಂದ ಉತ್ತರ ಹುಡುಕಿದವರು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು. ಹವಾಯಿ ದ್ವೀಪಸಮೂಹದ ಕವಾಯಿ ಎಂಬ ಪುಟ್ಟ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಅವರ ತಂಡ ಹುಟ್ಟಿನಿಂದ ಹಿಡಿದು ನಲವತ್ತರ ವಯಸ್ಸಿನವರೆಗೆ ಗಮನಿಸುತ್ತ ಹೋಯಿತು. ಕಬ್ಬು, ಅನಾನಸ್ ತೋಟಗಳ ಕೂಲಿಕಾರರ ಮಕ್ಕಳು ಅಲ್ಲಿ ಬಹಳ. ಅವರೆಲ್ಲರ ಪೈಕಿ ಸುಮಾರು ಮೂರರಲ್ಲೊಂದು ಪಾಲು ಮಕ್ಕಳ ಪಾಡು ತೀರ ಕಷ್ಟದ್ದಾಗಿತ್ತು. ಬಡತನ, ಹೆರಿಗೆಯಲ್ಲಿ ತೊಡಕು, ಕುಡಿತ, ಹೆತ್ತವರ ಮನೋವ್ಯಾಧಿ, ಒಡೆದ ಸಂಸಾರ ಇವುಗಳಲ್ಲಿ ಒಂದಲ್ಲ, ನಾಲ್ಕಾರು ಒಟ್ಟಿಗೇ ಅವರ ಮೇಲೆರಗಿದ್ದವು.

ಇಂಥ ಕಷ್ಟದಲ್ಲಿ ಬೆಳೆದ ಪ್ರತಿ ಮೂವರಲ್ಲಿ ಇಬ್ಬರು ಹದಿನೆಂಟು ತುಂಬುವುದರೊಳಗೆ ಕಲಿಕೆಯಲ್ಲೋ ನಡತೆಯಲ್ಲೋ ತೊಂದರೆಗೆ ಸಿಕ್ಕಿದರು. ಗಾದೆಯನ್ನು ನಂಬುವವರು ಇಷ್ಟಕ್ಕೇ ಪುಸ್ತಕ ಮುಚ್ಚಿಬಿಡಬಹುದು. ಆದರೆ ಮೂರನೆಯವನು ಅಥವಾ ಮೂರನೆಯವಳು ಚೆನ್ನಾಗಿ ಬೆಳೆದು, ದುಡಿಮೆ ಹಿಡಿದು, ಇನ್ನೊಬ್ಬರನ್ನು ಪ್ರೀತಿಸಬಲ್ಲ ಮನುಷ್ಯರಾದರು. ವರ್ನರ್ ಅವರ ಕುತೂಹಲ ಕೆರಳಿದ್ದು ಇಲ್ಲಿ. ಈ ಮೂರನೆಯ ಮಗುವಿನ ಬಳಿ ಏನಿತ್ತು?

ಅವರು ಕಂಡುಕೊಂಡದ್ದರಲ್ಲಿ ಪವಾಡವೇನೂ ಇಲ್ಲ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆತಾಯಿಯಲ್ಲದಿದ್ದರೆ ಅಜ್ಜಿಯೋ, ಅತ್ತೆಯೋ, ಮೇಷ್ಟರೋ, ನೆರೆಯವರೋ ಒಬ್ಬರಾದರೂ ಗಟ್ಟಿಯಾಗಿ ಜೊತೆಗಿದ್ದರು. ಆ ಮಕ್ಕಳು ಏನಾದರೊಂದು ಕೆಲಸದಲ್ಲಿ ಅಥವಾ ಹವ್ಯಾಸದಲ್ಲಿ ಪಳಗಿದ್ದರು. ತಮ್ಮ ಕೈಯಿಂದ ಆಗುವುದು ಕೆಲವಾದರೂ ಇವೆ, ಕಷ್ಟವನ್ನು ದಾಟಬಹುದು ಎಂಬ ನಂಬಿಕೆ ಅವರಲ್ಲಿತ್ತು. ಇನ್ನೊಂದು ಸಂಗತಿಯನ್ನು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು: ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲಿಯೂ ಅನೇಕರು ಮೂವತ್ತು, ನಲವತ್ತರ ವೇಳೆಗೆ ಸರಿದಾರಿಗೆ ಬಂದರು. ಮತ್ತೆ ಓದುವ ಅವಕಾಶ, ಒಂದು ಒಳ್ಳೆಯ ನೌಕರಿ, ಒಬ್ಬ ಒಳ್ಳೆಯ ಬಾಳಸಂಗಾತಿ ಸಿಕ್ಕಿದ್ದೇ ಅವರ ಪಾಲಿಗೆ ಎರಡನೆಯ ಹುಟ್ಟಾಯಿತು. ‘ಇವನ ಕಥೆ ಮುಗೀತು’ ಎಂದು ಹದಿನಾಲ್ಕರ ಹುಡುಗನ ಬಗ್ಗೆ ತೀರ್ಪು ಕೊಡುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕಷ್ಟಕ್ಕೆ ಮಗು ಕೊಡುವ ವಿವರಣೆ

ಹಾಗಾದರೆ ಆಶಾವಾದ ಎಂದರೇನು? ಸದಾ ಹಲ್ಲು ಕಿಸಿಯುವುದಲ್ಲ, ‘ಎಲ್ಲ ಒಳ್ಳೆಯದಾಗುತ್ತದೆ’ ಎಂದು ಜಪಿಸುವುದೂ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಇದಕ್ಕೆ ಉಪಯುಕ್ತವಾದ ಒಂದು ಅರ್ಥ ಕೊಟ್ಟಿದ್ದಾರೆ. ಕೆಟ್ಟದ್ದು ಸಂಭವಿಸಿದಾಗ ಮನುಷ್ಯ ತನಗೆ ತಾನೇ ಕೊಟ್ಟುಕೊಳ್ಳುವ ವಿವರಣೆಯಲ್ಲಿ ಆಶೆ ನಿರಾಶೆಗಳು ಅಡಗಿವೆ ಎನ್ನುತ್ತಾರೆ ಅವರು. ಮೂರು ಪ್ರಶ್ನೆಗಳು: ಇದು ಯಾವಾಗಲೂ ಹೀಗೆಯೇ ಇರುತ್ತದೆಯೇ? ಇದು ನನ್ನ ಬದುಕನ್ನೆಲ್ಲ ಆವರಿಸಿದೆಯೇ? ಇದಕ್ಕೆ ನಾನೇ ಕಾರಣವೇ? ಮೂರಕ್ಕೂ ‘ಹೌದು’ ಎಂದುಕೊಂಡ ಮಗು ಕುಸಿಯುತ್ತದೆ. ‘ಈಗ ಹೀಗಿದೆ, ಮನೆಯಲ್ಲಿ ಹೀಗಿದೆ, ಆದರೆ ಇದು ನನ್ನ ತಪ್ಪಲ್ಲ’ ಎಂದುಕೊಳ್ಳಬಲ್ಲ ಮಗು ತಲೆಯೆತ್ತಿ ನಿಲ್ಲುತ್ತದೆ.

ಈಗ ನಮ್ಮ ‘ಹಣೆಬರಹ’ ಎಂಬ ಮಾತನ್ನು ಈ ತಕ್ಕಡಿಯಲ್ಲಿಟ್ಟು ತೂಗಿ ನೋಡಿ. ಹಣೆಯ ಮೇಲೆ ಬರೆದದ್ದು ಅಳಿಸಲಾಗದ್ದು, ಅಂದರೆ ಯಾವಾಗಲೂ ಇರುವಂಥದ್ದು. ಅದು ಇಡೀ ಬದುಕಿನದ್ದು. ಅದು ಬರೆದಿರುವುದೂ ನನ್ನದೇ ಹಣೆಯ ಮೇಲೆ. ಮೂರೂ ನಿರಾಶೆಗಳು ಒಂದೇ ಮಾತಿನಲ್ಲಿ! ದೊಡ್ಡವರು ಅದನ್ನು ಒಂದು ಸಮಾಧಾನವಾಗಿ ಬಳಸುತ್ತಾರೆ. ಮನಸ್ಸಿಗೆ ತುಸು ನೆಮ್ಮದಿ ಸಿಗುತ್ತದೆಯೇನೋ. ಆದರೆ ಒಂಬತ್ತು ವರ್ಷದ ಮಗುವಿಗೆ ಅದು ಸಮಾಧಾನವಾಗುವುದಿಲ್ಲ, ತೀರ್ಪಾಗುತ್ತದೆ. ಅಪ್ಪ ಕುಡಿದು ಬಂದು ಕೂಗಾಡಿದ ರಾತ್ರಿ, ‘ನಾನು ಹಟ ಮಾಡಿದ್ದಕ್ಕೇ ಅಪ್ಪ ಹೀಗಾಡಿದ’ ಎಂದು ಎಷ್ಟೋ ಮಕ್ಕಳು ಒಳಗೊಳಗೇ ನಂಬಿರುತ್ತವೆ. ‘ಇಲ್ಲ ಕಂದ, ಇದು ನಿನ್ನಿಂದ ಆದದ್ದಲ್ಲ’ ಎಂದು ಒಬ್ಬರು ಸ್ಪಷ್ಟವಾಗಿ ಹೇಳಿದರೆ ಅದೇ ಆ ಮಗುವಿಗೆ ಸಿಕ್ಕ ಆಶಾವಾದದ ಮೊದಲ ಪಾಠ.

ಇದೇ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗ ಮನಶ್ಶಾಸ್ತ್ರದ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಏನು ಮಾಡಿದರೂ ವಿದ್ಯುತ್ ಆಘಾತ ತಪ್ಪಿಸಿಕೊಳ್ಳಲಾಗದ ನಾಯಿಗಳು, ಮುಂದೆ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಸುಮ್ಮನೆ ಮಲಗಿಬಿಟ್ಟವು. ಅವು ಅಸಹಾಯಕತೆಯನ್ನು ‘ಕಲಿತವು’ ಎಂದು ಆಗ ಹೇಳಲಾಯಿತು. ಸುಮಾರು ಐವತ್ತು ವರ್ಷಗಳ ಮೇಲೆ, 2016ರಲ್ಲಿ, ಅವರಿಬ್ಬರೇ ಮಿದುಳಿನ ಸಂಶೋಧನೆಗಳ ಆಧಾರದ ಮೇಲೆ ತಮ್ಮ ಸಿದ್ಧಾಂತವನ್ನು ತಿರುವಿಹಾಕಿದರು. ದೀರ್ಘವಾದ ನೋವಿನ ಎದುರು ಸುಮ್ಮನೆ ಬಿದ್ದುಕೊಳ್ಳುವುದು ಜೀವಿಯ ಸಹಜ ಪ್ರತಿಕ್ರಿಯೆ. ಅದನ್ನು ಯಾರೂ ಕಲಿಯಬೇಕಾಗಿಲ್ಲ. ಕಲಿಯಬೇಕಾದದ್ದು, ನನ್ನ ಕೈಯಲ್ಲಿ ಏನೋ ಇದೆ ಎಂಬುದನ್ನು. ನಮಗೆ ಇದು ಬಹಳ ದೊಡ್ಡ ಮಾತು. ಹಿಂದಿನ ಬೆಂಚಿನಲ್ಲಿ ಮಂಕಾಗಿ ಕುಳಿತ ಹುಡುಗನಿಗೆ ಸೋಮಾರಿತನ ಅಂಟಿಕೊಂಡಿಲ್ಲ. ತಾನು ಕೈಯಾಡಿಸಿದರೆ ಏನಾದರೂ ಬದಲಾಗುತ್ತದೆ ಎಂಬುದನ್ನು ಅವನಿಗೆ ಇನ್ನೂ ಯಾರೂ ಕಲಿಸಿಲ್ಲ.

ಕೊಟ್ಟ ಮಾತಿನ ಬೆಲೆ

ಅದನ್ನು ಕಲಿಸುವುದು ಹೇಗೆ? ಉಪದೇಶದಿಂದಂತೂ ಸಾಧ್ಯವಿಲ್ಲ. ಇಲ್ಲಿ ಇನ್ನೊಂದು ಸಣ್ಣ ಪ್ರಯೋಗ ನಮ್ಮ ಕಣ್ಣು ತೆರೆಸುತ್ತದೆ. ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ‘ನಾನು ಬರುವವರೆಗೆ ತಿನ್ನದೆ ಕಾದರೆ ಎರಡು ಕೊಡುತ್ತೇನೆ’ ಎನ್ನುವ ಪರೀಕ್ಷೆಯ ಬಗ್ಗೆ ನೀವು ಓದಿರಬಹುದು. ಕಾಯುವ ಮಗು ಸಂಯಮಿ, ಮುಂದೆ ಬರುತ್ತದೆ. ಕಾಯದ ಮಗು ಚಪಲದ್ದು ಎಂದು ಬಹುಕಾಲ ಅರ್ಥ ಮಾಡುತ್ತಿದ್ದರು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪರೀಕ್ಷೆಗೆ ಮೊದಲು ಇನ್ನೊಂದು ಹೆಜ್ಜೆ ಸೇರಿಸಿದರು. 28 ಮಕ್ಕಳನ್ನು ಎರಡು ಗುಂಪು ಮಾಡಿ, ಎಲ್ಲರಿಗೂ ‘ಇರು, ಒಳ್ಳೆಯ ಬಣ್ಣದ ಕಡ್ಡಿ ತರುತ್ತೇನೆ’ ಎಂದರು. ಒಂದು ಗುಂಪಿಗೆ ತಂದುಕೊಟ್ಟರು. ಇನ್ನೊಂದು ಗುಂಪಿಗೆ ಬರಿಗೈಯಲ್ಲಿ ಬಂದು ‘ಇಲ್ಲವಂತೆ’ ಎಂದರು. ಆಮೇಲೆ ಮಿಠಾಯಿ ಇಟ್ಟರು.

ಮಾತು ಉಳಿಸಿಕೊಂಡವರ ಎದುರು ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದವು. ಮಾತು ತಪ್ಪಿದವರ ಎದುರು ಕಾದದ್ದು ಮೂರೇ ನಿಮಿಷ. ಯಾವ ಮಗು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ ನಿಶ್ಚಯವಾಗಿತ್ತು. ಆದ್ದರಿಂದ ಒಂದು ಗುಂಪಿನವರು ಹುಟ್ಟಾ ಸಂಯಮಿಗಳು, ಇನ್ನೊಂದು ಗುಂಪಿನವರು ಚಪಲಚಿತ್ತರು ಎನ್ನುವಂತಿರಲಿಲ್ಲ. ವ್ಯತ್ಯಾಸ ಇದ್ದದ್ದು ದೊಡ್ಡವರ ಮಾತಿನಲ್ಲಿ. ಮೂರು ವರ್ಷದ ಮಗು ಕೂಡ ಎದುರಿಗಿರುವವರ ಮಾತು ನಡೆಯುತ್ತದೆಯೋ ಇಲ್ಲವೋ ಎಂದು ಲೆಕ್ಕ ಹಾಕಿಯೇ ಕಾಯುತ್ತದೆ.

‘ಸಂಬಳದ ದಿನ ಜಾಮೆಟ್ರಿ ಬಾಕ್ಸ್ ತರ್ತೀನಿ’, ‘ಹಬ್ಬಕ್ಕೆ ಅಮ್ಮ ಬರ್ತಾಳೆ’, ‘ಮುಂದಿನ ತಿಂಗಳು ಶಾಲೆಗೆ ಹೋಗುವೆಯಂತೆ’ ಎಂಬ ಮಾತುಗಳನ್ನು ಕೇಳಿ ಕೇಳಿ, ಒಂದೂ ನಡೆಯದುದನ್ನು ಕಂಡ ಮಗುವಿಗೆ ನಾಳೆ ಎಂಬುದು ಖೋಟಾ ನಾಣ್ಯವಿದ್ದಂತೆ. ಅಂಥ ಮಗುವಿಗೆ ‘ಈಗ ಕಷ್ಟಪಟ್ಟು ಓದು, ಹತ್ತು ವರ್ಷದ ಮೇಲೆ ಸುಖ’ ಎಂದರೆ ಅದು ನಂಬುವುದಾದರೂ ಹೇಗೆ? ಆಶಾವಾದ ಎಂಬುದು ಮಗುವಿನ ಮನಸ್ಸಿನಲ್ಲಿ ಸಣ್ಣ ಸಣ್ಣ ಮಾತುಗಳು ನಡೆದಾಗ ಕೂಡುವ ಉಳಿತಾಯ. ಅದು ಕಾಸು ಕಾಸಾಗಿ ಕೂಡುತ್ತದೆ. ಕಷ್ಟದ ದಿನ ಬಂದಾಗ ಮಗು ತೆಗೆದು ಖರ್ಚು ಮಾಡುವುದು ಈ ಗಂಟನ್ನೇ.

ನಮ್ಮ ಸೀಮೆಯ ಮೂರು ಬಾಳು

ಇದು ಹೊರದೇಶದ ಮಾತಾಯಿತು ಎನ್ನಬೇಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ತೀರ ಬಡ ಮನೆಯೊಂದರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಊರಿನ ಓದು ಮುಗಿದ ಮೇಲೆ ಮುಂದಕ್ಕೆ ದಾರಿಯಿರಲಿಲ್ಲ. 1935ರಲ್ಲಿ, ಬಸ್ಸಿಗೆ ದುಡ್ಡಿಲ್ಲದ ಆ ಹುಡುಗ ಎಂಬತ್ತಕ್ಕೂ ಹೆಚ್ಚು ಕಿಲೋಮೀಟರನ್ನು ಎರಡು ದಿನ ನಡೆದು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಿದ. ಗೌರಿಬಿದನೂರಿನಿಂದ ಬೆಂಗಳೂರಿಗೆ ಹೋಗುವ ರಸ್ತೆ ನಿಮ್ಮ ಊರಿನ ಮೇಲೆಯೇ ಹೋಗುತ್ತದೆ. ಮುಂದೆ ಅವರು ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದದ್ದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದದ್ದು, ಕೊನೆಯವರೆಗೂ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿದ್ದು ಎಲ್ಲರಿಗೂ ಗೊತ್ತು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರೂ ‘ಹೋರಾಟದ ಹಾದಿ’.

ಈ ನಡಿಗೆಯನ್ನು ನಾವು ಹುಡುಗನ ಛಲದ ಕಥೆಯಾಗಿ ಮಾತ್ರ ಹೇಳುತ್ತೇವೆ. ಛಲ ಇದ್ದದ್ದು ನಿಜ. ಆದರೆ ಹಾದಿಯ ಕೊನೆಗೆ ಏನಿತ್ತು ನೋಡಿ: ಊರಿನಲ್ಲಿ ಪಾಠ ಹೇಳಿದ್ದ ಮೇಷ್ಟರೊಬ್ಬರು ಅಲ್ಲಿದ್ದರು, ಒಂದು ಶಾಲೆ ಇತ್ತು, ಬಡ ಹುಡುಗರಿಗೆ ಅನ್ನ ವಸತಿಯ ಆಸರೆ ಇತ್ತು. ತಲುಪಿದರೆ ಸೇರಿಸಿಕೊಳ್ಳುವವರು ಇದ್ದಾರೆ ಎಂಬ ಭರವಸೆ ಇಲ್ಲದಿದ್ದರೆ ಆ ಎರಡು ದಿನಗಳ ನಡಿಗೆ ಊರು ಬಿಟ್ಟು ಓಡಿಹೋದ ಹುಡುಗನ ಕಥೆಯಾಗುತ್ತಿತ್ತು.

ಇಂಥ ಆಸರೆಯನ್ನೇ ಬಾಳಿನ ಕೆಲಸ ಮಾಡಿಕೊಂಡವರು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. ಆಗ ಬೆಂಗಳೂರು ಜಿಲ್ಲೆಗೆ ಸೇರಿದ್ದ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವರು. 2019ರಲ್ಲಿ ತೀರಿಕೊಳ್ಳುವವರೆಗೂ ಅವರ ಮಠದಲ್ಲಿ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನಡೆದುಬಂತು, ಇಂದಿಗೂ ನಡೆಯುತ್ತಿದೆ. ನೆಲಮಂಗಲ ದಾಟಿ ತುಮಕೂರಿನತ್ತ ಹೋದ ಬಡ ಹುಡುಗರು ಎಷ್ಟೋ ಮಂದಿ. ಅಲ್ಲಿ ಮಕ್ಕಳಿಗೆ ದೊರೆತದ್ದು ಬರೀ ಊಟವಲ್ಲ. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತದೆ, ಗಂಟೆ ಬಾರಿಸಿದರೆ ಊಟ ಇರುತ್ತದೆ, ನಾಳೆಯೂ ಇರುತ್ತದೆ. ಮನೆಯಲ್ಲಿ ಯಾವುದೂ ನಿಶ್ಚಯವಿಲ್ಲದ ಮಗುವಿಗೆ ಈ ನಿಶ್ಚಯವೇ ದೊಡ್ಡ ಔಷಧಿ.

ಮೂರನೆಯವರು ಕವಿ ಸಿದ್ಧಲಿಂಗಯ್ಯ. ಅವರೂ ಮಾಗಡಿ ತಾಲ್ಲೂಕಿನವರೇ, 1954ರಲ್ಲಿ ಹುಟ್ಟಿದವರು. ‘ಊರುಕೇರಿ’ ಎಂಬ ಅವರ ಆತ್ಮಕಥೆಯಲ್ಲಿ, ಎತ್ತುಗಳ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ತಂದೆಯನ್ನು ಮಗ ನೋಡುವ ಸಂದರ್ಭ ಬರುತ್ತದೆ. ಓದಿದವರು ಅದನ್ನು ಮರೆಯಲಾರರು. ಇಷ್ಟು ದಾರುಣವಾದ ಬಾಲ್ಯದ ಕಥೆಯನ್ನು ಓದುವಾಗ ಪುಟಪುಟಕ್ಕೂ ನಗು ಉಕ್ಕುತ್ತದೆ ಎಂಬುದು ಆ ಪುಸ್ತಕದ ಸೋಜಿಗ. ಈ ನಗುವಿನ ಗುಟ್ಟನ್ನು ವಿವರಿಸಿದವರು ನಿಮ್ಮ ಊರಿನವರೇ. ದೊಡ್ಡಬಳ್ಳಾಪುರದ ನೇಕಾರ ಕುಟುಂಬದಲ್ಲಿ ಹುಟ್ಟಿ, ಕಾಲೇಜಿನ ದಿನಗಳಿಂದ ಸಿದ್ಧಲಿಂಗಯ್ಯನವರ ಗೆಳೆಯರಾಗಿದ್ದು, 1998ರಲ್ಲಿ ನಲವತ್ತನಾಲ್ಕರ ವಯಸ್ಸಿನಲ್ಲೇ ನಮ್ಮನ್ನಗಲಿದ ವಿಮರ್ಶಕ ಡಿ.ಆರ್. ನಾಗರಾಜ್ ಆ ಕೃತಿಗೆ ಬರೆದ ಲೇಖನದ ಹೆಸರು ‘ಬಡವರ ನಗುವಿನ ಶಕ್ತಿ’.

ಬಡವರ ನಗು ಅವಮಾನವನ್ನು ಒಪ್ಪಿಕೊಂಡವರ ನಗುವಲ್ಲ. ಅವಮಾನ ಮಾಡಿದವನನ್ನು ಸಣ್ಣವನಾಗಿಸಿ ನೋಡುವ ನಗು. ‘ನೀನು ನನ್ನ ಹೊಟ್ಟೆಗೆ ಬರೆ ಹಾಕಬಹುದು, ನನ್ನ ಕಣ್ಣಿಗೆ ಕಟ್ಟು ಹಾಕಲಾರೆ’ ಎನ್ನುವ ನಗು. ಮಕ್ಕಳು ತಮ್ಮ ಕಷ್ಟವನ್ನು ಕಥೆ ಮಾಡಿ ಹೇಳಿ ನಗುವಾಗ, ‘ಏನೋ ಅದು ಹಲ್ಲು ಕಿರಿಯೋದು’ ಎಂದು ಗದರಿಸುವ ಮೊದಲು ಒಂದು ಗಳಿಗೆ ತಡೆಯಿರಿ. ಆ ಮಗು ತನ್ನ ಪಾಡಿನಿಂದ ಒಂದು ಹೆಜ್ಜೆ ಹೊರಗೆ ನಿಂತು ನೋಡಲು ಕಲಿಯುತ್ತಿರಬಹುದು.

ಆಶಾವಾದದ ಮಿತಿ

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆಯ ಮಾತು ಹೇಳದಿದ್ದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ಮೊದಲನೆಯದು, ಹಗಲುಗನಸು ಆಶಾವಾದವಲ್ಲ. ಜರ್ಮನಿಯ ಮೂಲದ ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಓಟಿಂಗೆನ್ 2002ರ ಅಧ್ಯಯನವೊಂದರಲ್ಲಿ ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದವರನ್ನು ಗಮನಿಸಿದರು. ಕೆಲಸ ಸಿಕ್ಕಂತೆ ಸುಖವಾಗಿ ಕಲ್ಪಿಸಿಕೊಳ್ಳುತ್ತ ಕುಳಿತವರಿಗೆ ಎರಡು ವರ್ಷದ ಮೇಲೆ ನೋಡಿದರೆ ಕಡಿಮೆ ಕೆಲಸದ ಕರೆ, ಕಡಿಮೆ ಸಂಬಳ. ಗುರಿಯ ಜೊತೆಗೆ ಅಡ್ಡಿಯನ್ನೂ ಕಣ್ಣಮುಂದೆ ಇಟ್ಟುಕೊಂಡವರೇ ಮುಂದೆ ಸಾಗುತ್ತಾರೆ ಎಂಬುದು ಅವರ ಇತರ ಅಧ್ಯಯನಗಳ ಸಾರ. ‘ನೀನು ಡಾಕ್ಟರಾಗ್ತೀಯ ಪುಟ್ಟ’ ಎಂದು ಬೆನ್ನು ತಟ್ಟಿ ಕಳಿಸುವುದು ಸುಲಭ. ‘ನಿನಗೆ ಗಣಿತ ಕಷ್ಟ, ಮನೆಯಲ್ಲಿ ಓದಲು ಜಾಗವಿಲ್ಲ, ಸಂಜೆ ಒಂದು ಗಂಟೆ ಶಾಲೆಯಲ್ಲೇ ಇರು’ ಎಂದು ದಾರಿ ತೋರುವುದು ಉಪಕಾರ.

ಎರಡನೆಯದು ಇನ್ನೂ ಗಂಭೀರ. ಅಮೆರಿಕದ ಜಾರ್ಜಿಯಾ ಸಂಸ್ಥಾನದ ಹಳ್ಳಿಗಳ ಬಡ ಕಪ್ಪು ಜನರ ಮಕ್ಕಳನ್ನು ಜೀನ್ ಬ್ರೋಡಿ ಮತ್ತು ಸಂಗಡಿಗರು ವರ್ಷಗಟ್ಟಲೆ ಗಮನಿಸಿ 2013ರಲ್ಲಿ ಒಂದು ವರದಿ ಪ್ರಕಟಿಸಿದರು. ತೀರ ಕಷ್ಟದಲ್ಲಿದ್ದೂ ಶ್ರದ್ಧೆಯಿಂದ ಓದಿ, ಒಳ್ಳೆಯ ನಡತೆಯಿಂದ ಎಲ್ಲರ ಮೆಚ್ಚುಗೆ ಪಡೆದ ಮಕ್ಕಳ ದೇಹವನ್ನು ಹತ್ತೊಂಬತ್ತರ ವಯಸ್ಸಿನಲ್ಲಿ ಪರೀಕ್ಷಿಸಿದರೆ, ರಕ್ತದೊತ್ತಡದಲ್ಲಿಯೂ ಒತ್ತಡದ ಹಾರ್ಮೋನುಗಳಲ್ಲಿಯೂ ಸವೆತದ ಗುರುತುಗಳು ಹೆಚ್ಚಾಗಿದ್ದವು. ಹೊರಗೆ ಗೆದ್ದ ಮಗು ಒಳಗೆ ದುಬಾರಿ ಬೆಲೆ ತೆರುತ್ತಿತ್ತು. ಆದ್ದರಿಂದ ‘ಗಟ್ಟಿ ಹುಡುಗಿ, ಎಲ್ಲ ತಾಳಿಕೊಳ್ಳುತ್ತಾಳೆ’ ಎಂದು ನಾವು ಹೊಗಳುವಾಗ, ತಾಳಿಕೊಳ್ಳುವ ಭಾರವನ್ನು ಇಳಿಸುವ ನಮ್ಮ ಕೆಲಸವನ್ನು ಅವಳ ಹೆಗಲಿಗೇ ದಾಟಿಸುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

‘ಹುಡುಗಿ’ ಎಂದು ಬೇಕೆಂದೇ ಹೇಳಿದೆ. 1935ರಲ್ಲಿ ಹೊಸೂರಿನಿಂದ ಒಬ್ಬ ಹುಡುಗ ನಡೆದು ಬರಬಹುದಿತ್ತು. ಅಷ್ಟೇ ಬುದ್ಧಿ, ಅಷ್ಟೇ ಛಲದ ಹುಡುಗಿ ಆ ಹಾದಿಗೆ ಕಾಲಿಡುವಂತಿರಲಿಲ್ಲ. ಇಂದಿಗೂ ತಾಯಿ ಕೂಲಿಗೆ ಹೋದರೆ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಮನೆಯಲ್ಲಿ ನಿಲ್ಲುವವಳು ಅಕ್ಕ. ನಡೆಯಲು ದಾರಿಯೇ ಇಲ್ಲದವರಿಗೆ ಆಶಾವಾದ ಬೋಧಿಸುವುದು ಕ್ರೂರವಾದ ತಮಾಷೆ. ಹೊಡೆತ, ದೌರ್ಜನ್ಯ ನಡೆಯುತ್ತಿರುವ ಮನೆಯ ಮಗುವಿಗಂತೂ ಬೇಕಾದದ್ದು ಧೈರ್ಯದ ಮಾತಲ್ಲ, ರಕ್ಷಣೆ. ಅಂಥಲ್ಲಿ 1098ಕ್ಕೆ ಕರೆ ಮಾಡುವುದು ನೆರೆಯವರ ಕರ್ತವ್ಯ.

ನಮ್ಮ ಕೈಯಲ್ಲಿರುವುದು

ಸಿ.ಆರ್. ಸ್ನೈಡರ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಭರವಸೆಯನ್ನು ಎರಡು ಭಾಗ ಮಾಡಿ ಹೇಳಿದ್ದರು: ಹೋಗಬೇಕೆಂಬ ಮನಸ್ಸು, ಹೋಗುವ ದಾರಿಯ ತಿಳಿವಳಿಕೆ. ಎರಡೂ ಸೇರಿದರೆ ಭರವಸೆ. ನಮ್ಮ ಬಡ ಮಕ್ಕಳಲ್ಲಿ ಮನಸ್ಸಿಗೆ ಕೊರತೆಯಿಲ್ಲ, ದಾರಿ ಗೊತ್ತಿರುವುದಿಲ್ಲ. ದಾರಿಗಳು ಇಲ್ಲವೆಂದಲ್ಲ. ಆರನೇ ತರಗತಿಗೆ ಮೊರಾರ್ಜಿ ದೇಸಾಯಿ ಹಾಗೂ ನವೋದಯ ವಸತಿ ಶಾಲೆಗಳ ಪ್ರವೇಶ ಪರೀಕ್ಷೆ ಇದೆ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಇದೆ. ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಮಗ್ಗಕ್ಕೋ ಗ್ಯಾರೇಜಿಗೋ ಹುಡುಗರು ಜಾರಿಹೋಗುವುದು ಸರಿಯಾಗಿ ಈ ವಯಸ್ಸಿನಲ್ಲೇ. ತಂದೆ ಇಲ್ಲದ, ಸಂಕಷ್ಟದಲ್ಲಿರುವ ಮಕ್ಕಳು ಮನೆಯಲ್ಲೇ ಇದ್ದು ಓದಲೆಂದು ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ಯೋಜನೆ ಇದೆ. ದುಡಿಯುವ ತಾಯಂದಿರ ಕೂಸುಗಳಿಗೆ ಕೆಲವು ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ತೆರೆದಿವೆ, ಅದರಿಂದ ಶಾಲೆಗೆ ಬಿಡುಗಡೆಯಾಗುವುದು ಅಕ್ಕ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಮನೆಯಲ್ಲಿ ಓದಲು ಮೂಲೆಯಿಲ್ಲದ ಮಗುವಿಗೆ ಅಲ್ಲಿ ಒಂದು ಕುರ್ಚಿ, ಒಂದು ದೀಪ ಸಿಗುತ್ತದೆ.

ಇವುಗಳ ಅರ್ಜಿ ತುಂಬುವುದು ಅಕ್ಷರ ಬಾರದ ತಂದೆಗೆ ಬೆಟ್ಟ ಹತ್ತಿದಂತೆ. ನಿಮಗೆ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಗೆ ನೂರು ಉಪದೇಶಗಳಿಗಿಂತ ಹೆಚ್ಚಿನ ತೂಕವಿದೆ.

ಶಾಲೆಯೊಳಗೆ ಮಾಡಬಹುದಾದದ್ದೂ ಉಂಟು. ಮಂಕಾದ ಮಗುವಿಗೆ ಒಂದು ಜವಾಬ್ದಾರಿ ಕೊಡಿ. ಗಿಡಕ್ಕೆ ನೀರು ಹಾಕುವುದೋ, ಗಂಟೆ ಬಾರಿಸುವುದೋ, ಚಿಕ್ಕ ತರಗತಿಯ ಮಗುವಿಗೆ ಮಗ್ಗಿ ಹೇಳಿಕೊಡುವುದೋ, ಯಾವುದಾದರೂ ಆಗಲಿ. ತಾನು ಮಾಡಿದ್ದರಿಂದ ಏನೋ ಆಯಿತು ಎಂಬುದು ಅದರ ಕಣ್ಣಿಗೆ ಕಾಣಬೇಕು. ತಪ್ಪು ಮಾಡಿದಾಗ ‘ನೀನು ದಡ್ಡ’ ಎನ್ನುವ ಬದಲು ‘ಈ ಲೆಕ್ಕ ತಪ್ಪಿದೆ, ಇಲ್ಲಿ ದಶಕ ಬಿಟ್ಟಿದ್ದೀಯ’ ಎನ್ನಿ. ಮೊದಲನೆಯದು ಹಣೆಬರಹ, ಎರಡನೆಯದನ್ನು ರಬ್ಬರಿನಿಂದ ಅಳಿಸಿ ತಿದ್ದಬಹುದು. ತಂದೆತಾಯಂದಿರಿಗೂ ನನ್ನದು ಒಂದೇ ಬಿನ್ನಹ. ಇಡೀ ದಿನ ಮಗುವಿನ ಜೊತೆ ಇರಲು ನಿಮ್ಮಿಂದ ಆಗುವುದಿಲ್ಲ, ನಿಜ. ಮಗ್ಗ ನಿಲ್ಲಿಸಿದ ಮೇಲೆ ಹತ್ತು ನಿಮಿಷ ಅದರ ಮಾತು ಕೇಳಿ. ದಿನವೂ ಅದೇ ಹೊತ್ತಿಗೆ ಕೇಳಿ. ಆ ಹತ್ತು ನಿಮಿಷಕ್ಕಾಗಿ ಮಗು ಇಡೀ ದಿನ ಕಾಯಬಲ್ಲದು.

ಕೊನೆಗೆ, ಕೊಡಲಾಗದ್ದನ್ನು ಕೊಡುತ್ತೇವೆ ಎನ್ನಬೇಡಿ. ‘ಈ ಸಲ ಆಗುವುದಿಲ್ಲ ಮಗ’ ಎಂದು ನಿಜ ಹೇಳಿದರೆ ಮಗು ಅತ್ತರೂ ತಡೆದುಕೊಳ್ಳುತ್ತದೆ. ಆದರೆ ಸೋಮವಾರ ಪೆನ್ಸಿಲು ತರುತ್ತೇನೆ ಎಂದಿದ್ದರೆ ಸೋಮವಾರ ತನ್ನಿ. ಎರಡು ರೂಪಾಯಿಯದೋ ಐದು ರೂಪಾಯಿಯದೋ ಆಗಿರಲಿ. ಮಂಗಳವಾರವೂ ಶಾಲೆಗೆ ಬರಬೇಕೆಂದು ಆ ಮಗುವಿಗೆ ಅನ್ನಿಸುವುದಕ್ಕೆ ಅಷ್ಟು ಸಾಕಾಗಬಹುದು.